ಗಗನದಿಂದ ಐಹೊಳೆ: ಲಘುವಿಮಾನದ ಛಾಯಾಚಿತ್ರವೂ ಊರಿನ ಇತಿಹಾಸವೂ

ಐಹೊಳೆಯನ್ನು ಕುರಿತು ಕಳೆದ ಒಂದೂವರೆ ಶತಮಾನದಲ್ಲಿ ನಡೆದ ವ್ಯಾಸಂಗವು ಬಹುಮಟ್ಟಿಗೆ ಗುಡಿಗಳ ವ್ಯಾಸಂಗ. 1866ರಲ್ಲಿ ಪ್ರಕಟವಾದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ ಕರ್ನಲ್ ಬಿಗ್ಸ್ ಮೊದಲಾದವರ ಛಾಯಾಚಿತ್ರಗಳು ಸೇರಿದವು. ಬರ್ಜೆಸ್ ಅವರ 1874ರ ವರದಿಯೂ ಕಸೆನ್ಸ್ ಅವರ 1926ರ ಗ್ರಂಥವೂ ಆ ಮಾರ್ಗವನ್ನೇ ಮುಂದುವರಿಸಿದವು. ದುರ್ಗದ ಗುಡಿಯೊಂದನ್ನೇ ಕುರಿತು ವಿದ್ವಾಂಸರು ಬರೆದುದರ ಚರಿತ್ರೆಯನ್ನು ಗ್ಯಾರಿ ತಾರ್ತಕೋವ್ ಅವರು 1997ರಲ್ಲಿ ಒಂದು ಪೂರ್ಣ ಪುಸ್ತಕವಾಗಿ ವಿವೇಚಿಸಿದರು. ಇವೆಲ್ಲವೂ ಬೆಲೆಯುಳ್ಳ ಕಾರ್ಯಗಳೇ. ಆದರೆ ನೆಲದ ಮೇಲೆ ನಿಂತ ಛಾಯಾಗ್ರಾಹಕನ ಪೆಟ್ಟಿಗೆಯೊಳಗೆ ಒಮ್ಮೆಗೆ ಒಂದು ಗುಡಿ ಮಾತ್ರ ಹಿಡಿಸುತ್ತದೆ, ಊರು ಹಿಡಿಸುವುದಿಲ್ಲ. ನಮ್ಮ ಬರವಣಿಗೆಯೂ ಆ ಚೌಕಟ್ಟನ್ನೇ ಅನುಸರಿಸಿ ಬೆಳೆಯಿತೆಂದು ಹೇಳಬಹುದು.

ಐಹೊಳೆಯು ಗುಡಿಗಳ ಗುಂಪು ಮಾತ್ರವಲ್ಲ. ಶಾಸನಗಳು ಅಯ್ಯಾವೊಳೆಯ ಐನೂರ್ವರೆಂದು ಹೊಗಳುವ ವರ್ತಕಸಂಘವು ಈ ಊರಿನ ಹೆಸರನ್ನು ಹೊತ್ತು ಕನ್ನಡನಾಡನ್ನೂ ತಮಿಳುನಾಡನ್ನೂ ದಾಟಿ ಕಡಲಾಚೆಗೂ ಹೋಯಿತು; ಸುಮಾತ್ರಾ ದ್ವೀಪದಲ್ಲಿ ದೊರೆತಿರುವ ಕ್ರಿ.ಶ. 1088ರ ತಮಿಳು ಶಾಸನವು ಇದಕ್ಕೆ ಸಾಕ್ಷಿಯಾಗಿದೆ. ಇಷ್ಟು ಕೀರ್ತಿವಂತವಾದ ಪಟ್ಟಣದ ಬೀದಿಗಳು ಹೇಗೆ ಹಾದುಹೋಗುತ್ತಿದ್ದವು, ಅಗಸೆಗಳಿಂದ ಹೊರಟ ದಾರಿಗಳು ಯಾವ ಕಡೆಗೆ ಸಾಗುತ್ತಿದ್ದವು, ಗುಡಿಗಳಿಗೆ ಕಲ್ಲನ್ನು ಎಲ್ಲಿಂದ ಕಡಿದು ತಂದರು, ಮೇಗುತಿಯ ಬೆಟ್ಟಕ್ಕೂ ಮಲಪ್ರಭೆಯ ದಡದ ಗಳಗನಾಥ ಗುಡಿಗಳಿಗೂ ನಡುವಣ ನೆಲವನ್ನು ಹೇಗೆ ಬಳಸುತ್ತಿದ್ದರು ಎಂಬ ಪ್ರಶ್ನೆಗಳು ಗುಡಿಗಳ ಕಾಲನಿರ್ಣಯದಷ್ಟು ಗಮನವನ್ನು ಪಡೆದಿಲ್ಲ. ಇಂಥ ಪ್ರಶ್ನೆಗಳಿಗೆ ಬೇಕಾದ ಸಾಧನಗಳಲ್ಲಿ ವಿಮಾನಛಾಯಾಚಿತ್ರವೂ ಒಂದು. ಅದರ ಸ್ವರೂಪವನ್ನೂ ಐಹೊಳೆಗೆ ಅದರಿಂದ ಆಗಬಹುದಾದ ಉಪಕಾರವನ್ನೂ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಈ ವಿದ್ಯೆಯು ಮೊದಲನೆಯ ಮಹಾಯುದ್ಧದ ಅನುಭವದಿಂದ ಬೆಳೆಯಿತು. ಆ ಯುದ್ಧದಲ್ಲಿ ವಿಮಾನದ ವೀಕ್ಷಕನಾಗಿದ್ದ ಓ. ಜಿ. ಎಸ್. ಕ್ರಾಫರ್ಡ್ ಅವರು ಅನಂತರ ಬ್ರಿಟನ್ನಿನ ಭೂಮಾಪನ ಇಲಾಖೆಯಲ್ಲಿ ಪುರಾತತ್ವಾಧಿಕಾರಿಯಾದರು. 1924ರಲ್ಲಿ ಅವರು ಅಲೆಕ್ಸಾಂಡರ್ ಕೀಲರ್ ಅವರೊಡನೆ ಬಾಡಿಗೆಯ ವಿಮಾನವೊಂದರಲ್ಲಿ ದಕ್ಷಿಣ ಇಂಗ್ಲೆಂಡಿನ ಮೇಲೆ ಹಾರಾಡಿ ಚಿತ್ರಗಳನ್ನು ತೆಗೆದರು. 1928ರಲ್ಲಿ ಅವು ಗ್ರಂಥರೂಪದಲ್ಲಿ ಪ್ರಕಟವಾದವು. 1925ರಲ್ಲಿ ಇನ್ಸಾಲ್ ಎಂಬ ವಿಮಾನಿಕನು ಸ್ಟೋನ್‌ಹೆಂಜಿನ ಸಮೀಪದ ಹೊಲದಲ್ಲಿ ವರ್ತುಲಾಕಾರದ ಗುರುತುಗಳನ್ನು ಕಂಡನು. ಅಲ್ಲಿ ಅಗೆದಾಗ ಮರದ ಕಂಬಗಳನ್ನು ನೆಟ್ಟಿದ್ದ ಪ್ರಾಚೀನ ನಿವೇಶನವೊಂದು ಬೆಳಕಿಗೆ ಬಂದಿತು. 1930ರ ದಶಕದಲ್ಲಿ ಮೇಜರ್ ಅಲೆನ್ ಅವರು ತಮ್ಮ ಸ್ವಂತ ಲಘುವಿಮಾನದಲ್ಲಿ ಕುಳಿತು ಆಕ್ಸ್‌ಫರ್ಡ್ ಸುತ್ತಣ ಹೊಲಗಳನ್ನು ಚಿತ್ರಿಸಿದರು. ಈ ವ್ಯಾಸಂಗವು ಯುದ್ಧವಿಮಾನವನ್ನೇ ನೆಚ್ಚಬೇಕಾಗಿಲ್ಲ, ಇಬ್ಬರು ಮೂವರು ಕೂರುವ ಸಣ್ಣ ವಿಮಾನವೇ ಇದಕ್ಕೆ ಸಾಕೆಂಬುದು ಅವರ ಕಾರ್ಯದಿಂದ ಸ್ಥಿರಪಟ್ಟಿತು.

ಲಘುವಿಮಾನದ ಮೇಲ್ಮೆ ಅದರ ಮಂದಗತಿಯಲ್ಲಿದೆ. ರೆಕ್ಕೆಯು ಮೇಲ್ಭಾಗದಲ್ಲಿರುವ ವಿಮಾನವಾದರೆ ಕೆಳಗಿನ ನೋಟಕ್ಕೆ ಅಡ್ಡಿ ಕಡಮೆ. ಸಂದೇಹ ಬಂದ ಸ್ಥಳದ ಸುತ್ತ ಮತ್ತೆ ಮತ್ತೆ ತಿರುಗಿ, ಬೆಳಕು ಅನುಕೂಲವಾದ ದಿಕ್ಕಿನಿಂದ ಚಿತ್ರ ತೆಗೆಯಬಹುದು. ಹೀಗೆ ಓರೆಯಾಗಿ ತೆಗೆದ ಚಿತ್ರವು ನೆಲದ ಉಬ್ಬುತಗ್ಗುಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ನೇರವಾಗಿ ಕೆಳಮುಖವಾಗಿ ತೆಗೆದ ಲಂಬಚಿತ್ರವು ಅಳತೆಗೂ ನಕ್ಷೆಗೂ ಒದಗುತ್ತದೆ. ಒಂದು ಚಿತ್ರವು ಮತ್ತೊಂದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸುವಂತೆ ಸಾಲಾಗಿ ಲಂಬಚಿತ್ರಗಳನ್ನು ತೆಗೆದರೆ, ಜೋಡಿಚಿತ್ರಗಳ ಮೂಲಕ ಎತ್ತರವನ್ನೂ ಲೆಕ್ಕ ಹಾಕಬಹುದು.

ಮರೆಯಾದ ರಚನೆಗಳು ಮೇಲಿನಿಂದ ಮೂರು ಬಗೆಯಲ್ಲಿ ಗೋಚರಿಸುತ್ತವೆ. ಮೊದಲನೆಯದು ನೆರಳು. ಸೂರ್ಯನು ಕೆಳಗಿರುವಾಗ ಒಂದು ಗೇಣು ಎತ್ತರದ ದಿಬ್ಬವೂ ಉದ್ದವಾದ ನೆರಳನ್ನು ಚೆಲ್ಲುತ್ತದೆ. ಎರಡನೆಯದು ಮಣ್ಣಿನ ಬಣ್ಣ. ಹೊಲವನ್ನು ಉತ್ತಾಗ ಕೆಡವಿದ ಗೋಡೆಯ ಸುಣ್ಣಗಾರೆಯೋ ಹಾಳುಗೆಡಹಿದ ಬೂದಿಯೋ ಮೇಲೆದ್ದು ಬೇರೆ ಬಣ್ಣದ ಪಟ್ಟೆಯಾಗಿ ಕಾಣುತ್ತದೆ. ಮೂರನೆಯದು ಬೆಳೆ. ಹೂತುಹೋದ ಗೋಡೆಯ ಮೇಲೆ ಮಣ್ಣಿನ ಪದರ ತೆಳುವಾಗಿರುವುದರಿಂದ ಪೈರು ಬೇಗ ಬಾಡುತ್ತದೆ. ತುಂಬಿಹೋದ ಕಂದಕದ ಮೇಲೆ ತೇವ ಹೆಚ್ಚಾಗಿ ನಿಂತು ಪೈರು ಹುಲುಸಾಗಿ ಬೆಳೆಯುತ್ತದೆ. ಹೊಲದ ಬದುವಿನ ಮೇಲೆ ನಿಂತವನಿಗೆ ಇದು ಬೆಳೆಯ ಏರುಪೇರು ಮಾತ್ರ. ಮೇಲಿನಿಂದ ನೋಡುವವನಿಗೆ ಕಟ್ಟಡದ ಆಕೃತಿ.

ಭಾರತದಲ್ಲಿ ಈ ನೋಟದ ಪ್ರಯೋಜನ ತಿಳಿಯದೆ ಇರಲಿಲ್ಲ. ಒಡಿಶಾದ ಶಿಶುಪಾಲಗಡದಲ್ಲಿ ಬಿ. ಬಿ. ಲಾಲ್ ಅವರು 1948ರಲ್ಲಿ ಉತ್ಖನನ ನಡೆಸಿದರು. ಚೌಕಾಕಾರದ ಆ ಕೋಟೆಯ ಎಣೆಯಾದ ವಿನ್ಯಾಸವು ವಿಮಾನಚಿತ್ರದಲ್ಲಿ ಒಂದೇ ನೋಟಕ್ಕೆ ಸ್ಪಷ್ಟವಾಗುತ್ತದೆ. ಆದರೆ ಇಂಥ ಚಿತ್ರಗಳು ನಮ್ಮಲ್ಲಿ ಇತಿಹಾಸಕಾರನ ದಿನದಿನದ ಸಾಧನವಾಗಲಿಲ್ಲ. 1937ರ ವಿಮಾನ ನಿಯಮಾವಳಿಯು, ಹಾರುತ್ತಿರುವ ವಿಮಾನದಿಂದ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಿತು. ಭೂಮಾಪನಕ್ಕಾಗಿ ತೆಗೆದ ಚಿತ್ರಗಳನ್ನು ರಕ್ಷಣೆಯ ದೃಷ್ಟಿಯಿಂದ ಬಿಗಿಯಾಗಿ ಕಾಪಾಡಲಾಯಿತು. ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಬೆಂಗಳೂರಿನಲ್ಲಿ ನಿರ್ಮಿಸಿದ, 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ಎಂಬುದು ಇಬ್ಬರು ಕೂರುವ, ರೆಕ್ಕೆ ಮೇಲಿರುವ ಲಘುವಿಮಾನವೇ ಆಗಿತ್ತು. ಅಲೆನ್ ಅವರಂಥವರು ಬಯಸುವ ಬಗೆಯದು. ಅದು ಹಾರಾಟದ ಸಂಘಗಳಲ್ಲಿ ವಿದ್ಯಾರ್ಥಿಗಳಿಗೆ ವಿಮಾನ ನಡೆಸುವುದನ್ನು ಕಲಿಸಿತು. ಸಾಧನವು ಮನೆಯಲ್ಲಿಯೇ ಇದ್ದರೂ ವಿದ್ಯೆಯು ಮನೆಯೊಳಕ್ಕೆ ಬರಲಿಲ್ಲವೆನ್ನಬೇಕು.

ಐಹೊಳೆಯ ನೆಲವು ಈ ಪರೀಕ್ಷೆಗೆ ತಕ್ಕುದಾಗಿದೆ. ಊರನ್ನು ಬಳಸಿರುವ ಕೊತ್ತಳಗಳುಳ್ಳ ಕಲ್ಲಿನ ಕೋಟೆಗೋಡೆ ಕೆಲವೆಡೆ ಎದ್ದು ನಿಂತಿದೆ, ಕೆಲವೆಡೆ ಕುಸಿದಿದೆ. ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ, ಮಾರ್ಗಶಿರ ಪುಷ್ಯಮಾಸಗಳ ಬೆಳಗಿನ ಓರೆಬಿಸಿಲಿನಲ್ಲಿ, ಕುಸಿದ ಭಾಗದ ಜಾಡನ್ನು ನೆರಳಿನಿಂದ ಹಿಡಿಯಲು ಸಾಧ್ಯವಾಗಬೇಕು. ಮೇಗುತಿ ಬೆಟ್ಟದ ಹಾಸುಬಂಡೆಯ ಮೇಲಿರುವ ಬೃಹತ್‌ಶಿಲಾ ಗೋರಿಗಳನ್ನೂ, ಶಕವರ್ಷ 556ರ ರವಿಕೀರ್ತಿಯ ಪ್ರಶಸ್ತಿಯುಳ್ಳ ಜಿನಾಲಯವನ್ನೂ, ಅದರ ಸುತ್ತಣ ಕೋಟೆಯನ್ನೂ ಒಂದೇ ಚಿತ್ರದಲ್ಲಿ ಕಂಡಾಗ, ಚಾಲುಕ್ಯರು ಬರಿಯ ಬೆಟ್ಟವನ್ನಲ್ಲ, ಹಿಂದಿನವರು ಆಗಲೇ ಗುರುತಿಸಿಕೊಂಡಿದ್ದ ಬೆಟ್ಟವನ್ನು ಆರಿಸಿಕೊಂಡರೆಂಬ ಸಂಗತಿ ಮನಸ್ಸಿಗೆ ಬರುತ್ತದೆ. ಸುತ್ತಲ ಎರೆಹೊಲಗಳಲ್ಲಿ ಹಿಂಗಾರಿ ಜೋಳವು ತೆನೆಗಟ್ಟುವ ಕಾಲದಲ್ಲಿ ಬೆಳೆಯ ಗುರುತುಗಳು ಎಷ್ಟು ಸ್ಪಷ್ಟವಾಗಿ ಮೂಡುತ್ತವೆಂಬುದು ಪ್ರಯೋಗದಿಂದಲೇ ನಿರ್ಧಾರವಾಗಬೇಕಾದ ವಿಷಯ. ಇಂಗ್ಲೆಂಡಿನ ಸುಣ್ಣಮಣ್ಣಿನ ಅನುಭವವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು.

ವಿಮಾನಚಿತ್ರದ ಮಿತಿಯನ್ನೂ ಮರೆಯಬಾರದು. ಅದು ಆಕೃತಿಯನ್ನು ತೋರಿಸುತ್ತದೆಯೇ ಹೊರತು ಕಾಲವನ್ನು ಹೇಳುವುದಿಲ್ಲ. ಗೋಡೆಯ ಒಂದು ಭಾಗ ಚಾಲುಕ್ಯರದೋ, ಬಳಿಕ ದುರಸ್ತಿ ಮಾಡಿದವರದೋ ಎಂಬುದನ್ನು ಕಲ್ಲಿನ ಕಟ್ಟಡವೂ ಶಾಸನವೂ ಉತ್ಖನನವೂ ನಿರ್ಣಯಿಸಬೇಕು. ಎಸ್. ಆರ್. ರಾವ್ ಅವರು 1970ರ ದಶಕದಲ್ಲಿ ಅಂಬಿಗೇರ ಗುಡಿಯ ಬಳಿ ಅಗೆದಾಗ ದೊರೆತ ಹಳೆಯ ಇಟ್ಟಿಗೆಯ ಕಟ್ಟಡವನ್ನು ಸನಿಕೆಯೇ ತೋರಿಸಬೇಕಾಯಿತು. ಹಂಪಿಯಲ್ಲಿ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಅವರು 1980ರಿಂದ ನಡೆಸಿದ ಸರ್ವೇಕ್ಷಣದ ಬಲವೂ ಒಂದೊಂದು ಅವಶೇಷದ ಬಳಿಗೆ ಕಾಲ್ನಡಿಗೆಯಲ್ಲಿ ಹೋಗಿ ಅಳೆದುದರಲ್ಲಿದೆ. ಗಗನದ ನೋಟವು ಎಲ್ಲಿ ನಡೆಯಬೇಕೆಂಬುದನ್ನು ತಿಳಿಸುತ್ತದೆ. ನಡೆಯುವ ಶ್ರಮವನ್ನು ತಪ್ಪಿಸುವುದಿಲ್ಲ.

ಹಾಗಿದ್ದರೂ ಈ ಕಾರ್ಯವನ್ನು ಮುಂದೂಡಲು ಈಗ ಕಾಲವಿಲ್ಲ. ಸ್ಮಾರಕಗಳ ರಕ್ಷಣೆಗಾಗಿ ಐಹೊಳೆಯ ಮನೆಗಳನ್ನು ಸ್ಥಳಾಂತರಿಸುವ ಮಾತು ಹಲವು ವರ್ಷಗಳಿಂದ ನಡೆದುಬಂದಿದೆ. ಗುಡಿಗಳಿಗೆ ಒತ್ತಿಕೊಂಡ ಮನೆಗಳನ್ನು ಅಡ್ಡಿಯೆಂದು ಮಾತ್ರ ನೋಡುವುದು ಆ ಗುಡಿಗೆ ಸೀಮಿತವಾದ ದೃಷ್ಟಿಯ ಫಲವೇ ಆಗಿದೆ. ಮನೆಯು ಹೊಸದಾದರೂ ಓಣಿಯು ಹಳೆಯದಾಗಿರಬಹುದು. ಗೋಡೆ ಬಿದ್ದು ಮತ್ತೆ ಎದ್ದರೂ ಅಡಿಪಾಯದ ರೇಖೆ ಬದಲಾಗದಿರಬಹುದು. ಓಣಿಗಳ ಬಾಗು, ಹಿತ್ತಿಲುಗಳ ಎಲ್ಲೆ, ಅಗಸೆಯತ್ತ ಒಲಿದ ದಾರಿ ಇವೆಲ್ಲ ಪ್ರಾಚೀನ ಪಟ್ಟಣದ ಲಿಪಿಯ ಅಕ್ಷರಗಳಾಗಿರಬಹುದು. ಚಿತ್ರಿಸದೆ ಅವನ್ನು ಅಳಿಸಿದರೆ ಗುಡಿಗಳು ಹಸುರು ಹುಲ್ಲಿನ ನಡುವೆ ಶುಭ್ರವಾಗಿ ಉಳಿದಾವು; ಅಯ್ಯಾವೊಳೆಯೆಂಬ ಊರು ಎರಡನೆಯ ಬಾರಿ ಅಳಿದೀತು. ಅಲ್ಲಿ ವಾಸಿಸುವ ಜನರ ಹಿತವನ್ನು ಕುರಿತ ವಿಚಾರವು ಇದಕ್ಕಿಂತ ದೊಡ್ಡದು. ಅದನ್ನು ತೀರ್ಮಾನಿಸುವಾಗ ಇತಿಹಾಸಕಾರನ ಈ ಮಾತೂ ಕಿವಿಗೆ ಬೀಳಲಿ ಎಂಬುದಷ್ಟೇ ನಮ್ಮ ಆಶಯ.

ಇಂದು ಸಾಧನಗಳು ಹಿಂದಿಗಿಂತ ಸುಲಭವಾಗಿವೆ. 1960ರಿಂದ 1972ರವರೆಗೆ ಅಮೆರಿಕೆಯ ‘ಕರೋನಾ’ ಉಪಗ್ರಹಗಳು ತೆಗೆದ ಚಿತ್ರಗಳು 1995ರಲ್ಲಿ ಗೋಪ್ಯತೆಯಿಂದ ಬಿಡುಗಡೆಯಾದವು. ಬಾದಾಮಿಯ ನಿವೇಶನವನ್ನು ಉಪಗ್ರಹಚಿತ್ರಗಳಿಂದ ಮೂರು ಆಯಾಮಗಳಲ್ಲಿ ಕಾಣಿಸಿದ ಎಂ. ಬಿ. ರಜನಿ ಮತ್ತು ಸಂಗಡಿಗರ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ಲಘುವಿಮಾನದ ಕೆಲಸವನ್ನು ಈಗ ಡ್ರೋನ್ ಎಂಬ ಚಾಲಕರಹಿತ ಪುಟ್ಟ ಯಂತ್ರವು ಅಲ್ಪವ್ಯಯದಲ್ಲಿ ಮಾಡಬಲ್ಲುದು. 2021ರ ನಿಯಮಾವಳಿಯು ಅದರ ಬಳಕೆಗೆ ಕ್ರಮವನ್ನು ಏರ್ಪಡಿಸಿತು. ಸಂರಕ್ಷಿತ ಸ್ಮಾರಕಗಳ ಬಳಿ ಪುರಾತತ್ವ ಸರ್ವೇಕ್ಷಣದ ಅನುಮತಿಯನ್ನೂ ಪಡೆಯಬೇಕು.

ಆದಕಾರಣ ಇತಿಹಾಸ ವಿಭಾಗಗಳೂ ಭೂಗೋಳ ವಿಭಾಗಗಳೂ ಕೂಡಿ ಕೈಗೊಳ್ಳಬಹುದಾದ ಕೆಲಸವನ್ನು ಹೀಗೆ ಸೂಚಿಸುತ್ತೇವೆ. ಹಳೆಯ ಉಪಗ್ರಹಚಿತ್ರಗಳನ್ನು ಮೊದಲು ಸಂಗ್ರಹಿಸಬೇಕು. ಅನಂತರ ಮಳೆಗೆ ಮುನ್ನ, ಮಳೆಯ ಬಳಿಕ, ಜೋಳ ಮಾಗುವ ಹೊತ್ತಿಗೆ, ಹೀಗೆ ವರ್ಷಕ್ಕೆ ಮೂರು ಬಾರಿ ಊರನ್ನೂ ಹೊಲಗಳನ್ನೂ ಮೇಲಿನಿಂದ ಚಿತ್ರಿಸಬೇಕು. ಚಿತ್ರದಲ್ಲಿ ಕಂಡ ಪ್ರತಿಯೊಂದು ರೇಖೆಯನ್ನೂ ವಿದ್ಯಾರ್ಥಿಗಳು ನೆಲದ ಮೇಲೆ ನಡೆದು ಪರೀಕ್ಷಿಸಿ, ಊರಿನ ಹಿರಿಯರಿಂದ ಹೊಲಗಳ ಮತ್ತು ಓಣಿಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳಬೇಕು. ಒಂದು ಮನೆಯನ್ನಾದರೂ ತೆಗೆಯುವ ಮೊದಲು ಈ ಕೆಲಸ ಮುಗಿದಿರಬೇಕು.