ಅಚ್ಚಿನ ತಪ್ಪೋ, ಕೈಯ ಪೆಟ್ಟೋ?

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ರಿಸರ್ವ್ ಬ್ಯಾಂಕಿನ ಬಳಿ ದೊಡ್ಡ ಕಂಬಗಳ ಹಳೆಯ ಟಂಕಸಾಲೆಯನ್ನು ನಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದಲೇ ನೋಡಿದ್ದೇವೆ. 1820ರ ದಶಕದಲ್ಲಿ ಆ ಕಟ್ಟಡ ಎದ್ದಾಗ ಅದಕ್ಕೆ ಇಂಗ್ಲೆಂಡಿನಿಂದ ಉಗಿಯಂತ್ರಗಳು ಬಂದವು. ನಾಣ್ಯದಲ್ಲಿ 'ತಪ್ಪು' ಎಂಬ ಮಾತಿಗೆ ಅರ್ಥ ಬಂದದ್ದೇ ಇಂಥ ಯಂತ್ರಗಳಿಂದ.

ಅದಕ್ಕೆ ಮೊದಲು ನಾಣ್ಯ ಮಾಡುತ್ತಿದ್ದದ್ದು ಕೈಯಿಂದ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಲೋಹದ ಬಿಲ್ಲೆ, ಮೇಲಿನಿಂದ ಸುತ್ತಿಗೆಯ ಏಟು. ಎಷ್ಟೋ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿತ್ತು. ಟಿಪ್ಪುವಿನ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಆನೆಯ ಸೊಂಡಿಲೋ ಬಾಲವೋ ಅಂಚಿನಾಚೆ ಹೋಗಿರುವುದು ಇದರಿಂದಲೇ. ಅದು ದೋಷವಲ್ಲ, ಆ ಕಾಲದ ರೀತಿ. ಅಂಥ ಕಾಸನ್ನು 'ಅಪರೂಪದ ಎರರ್ ಕಾಯಿನ್' ಎಂದು ಯಾರಾದರೂ ಮಾರಲು ಬಂದರೆ ಸುಮ್ಮನೆ ನಕ್ಕು ಮುಂದೆ ಹೋಗಬಹುದು.

1835ರಲ್ಲಿ ಕಂಪನಿ ಸರ್ಕಾರ ತನ್ನ ಸೀಮೆಗೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ ಸುಮಾರು 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಒಂದು ನಾಣ್ಯ ಇನ್ನೊಂದರ ಹಾಗೆಯೇ ಇರಬೇಕು ಎಂದಾದ ಮೇಲೆ, ಬೇರೆ ಥರ ಇರುವುದು ಎದ್ದು ಕಾಣತೊಡಗಿತು. ಈಗ ವಾಟ್ಸಾಪಿನಲ್ಲಿ ವಾರಕ್ಕೊಂದು ವಿಡಿಯೊ ಬರುತ್ತದೆ: ಅಜ್ಜಿಯ ಪೆಟ್ಟಿಗೆಯಲ್ಲಿ ಇಂಥ ನಾಣ್ಯ ಇದ್ದರೆ ನೀವು ಲಕ್ಷಾಧೀಶರು! ನಮ್ಮ ಹೆಂಗಸರ ಪೆಟ್ಟಿಗೆಗಳಲ್ಲಿ ನಾಣ್ಯ ಇರುವುದು ನಿಜ. ಆದರೆ ಹೆಚ್ಚಿನವುಗಳ ಮೇಲಿರುವ ಗುರುತು ಟಂಕಸಾಲೆಯದಲ್ಲ, ಮನೆಯದು.

ಬೇರ್ಪಡಿಸುವುದು ಹೇಗೆ? ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ, ಅದರ ಅಂಚನ್ನು ಒತ್ತಿ ಎತ್ತರಿಸುತ್ತಾರೆ, ಬಳೆಯಂಥ ಚೌಕಟ್ಟಿನೊಳಗೆ ಇಟ್ಟು ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ಇಷ್ಟರೊಳಗೆ ಆದದ್ದು ಟಂಕಸಾಲೆಯ ತಪ್ಪು. ಆಮೇಲೆ ಆದದ್ದೆಲ್ಲ ಪೆಟ್ಟು. ನಾಣ್ಯ ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿದ್ದ ಲೋಹ ಎಲ್ಲಿಗೆ ಹೋಯಿತು?

ರಾಣಿಯ ಕೆನ್ನೆಯ ಮೇಲೆ ಗೆರೆ ಇದೆ ಎನ್ನಿ. ಗೆರೆ ಉಬ್ಬಿದ್ದರೆ ಅಚ್ಚು ಬಿರುಕು ಬಿಟ್ಟಿತ್ತು, ಬಿರುಕಿನೊಳಕ್ಕೆ ಬೆಳ್ಳಿ ನುಗ್ಗಿದೆ. ಗೆರೆ ತಗ್ಗಿದ್ದರೆ ಸಾಮಾನ್ಯವಾಗಿ ಯಾವುದೋ ಚೂಪಾದದ್ದು ಗೀಚಿದೆ, ಪಕ್ಕದಲ್ಲಿ ಲೋಹ ಏರಿ ನಿಂತಿರುತ್ತದೆ. ಉಗುರಿಗೇ ಗೊತ್ತಾಗುತ್ತದೆ, ಆಗದಿದ್ದರೆ ಭೂತಗನ್ನಡಿ ಸಾಕು.

ಅಂಚಿನಲ್ಲಿ ಕಚ್ಚಿದಂತೆ ಅರ್ಧಚಂದ್ರಾಕಾರದ ತುಂಡು ಇಲ್ಲವೇ? ಪಟ್ಟಿಯಲ್ಲಿ ಹಿಂದಿನ ಬಿಲ್ಲೆ ತೆಗೆದ ತೂತಿನ ಮೇಲೆಯೇ ಮತ್ತೆ ಕತ್ತರಿ ಬಿದ್ದರೆ ಹೀಗಾಗುತ್ತದೆ. ಆಗ ಕಚ್ಚಿನ ನೇರ ಎದುರಿನ ಅಂಚು ಹೆಚ್ಚಾಗಿ ಮಂಕಾಗಿರುತ್ತದೆ, ಏಕೆಂದರೆ ಅಂಚು ಎತ್ತರಿಸುವಾಗ ಈ ಕಡೆ ಆಸರೆ ಇಲ್ಲದೆ ಆ ಕಡೆಯೂ ಒತ್ತಡ ಬೀಳುವುದಿಲ್ಲ. ಅರದಿಂದ ಉಜ್ಜಿ ಕಚ್ಚು ಮಾಡಿದವನು ಎದುರಿನ ಅಂಚನ್ನು ಮರೆತಿರುತ್ತಾನೆ!

ಇನ್ನೊಂದು ಬಗೆಯದು ನೋಡಲು ಬಲು ಸೊಗಸು. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆ ಅದರ ಮೇಲೆಯೇ ಒತ್ತಿಸಿಕೊಳ್ಳುತ್ತದೆ. ಒಂದು ಬದಿಯಲ್ಲಿ ರಾಜನ ಮುಖ ಸರಿಯಾಗಿ, ಇನ್ನೊಂದು ಬದಿಯಲ್ಲಿ ಅದೇ ಮುಖ ಕನ್ನಡಿಯಲ್ಲಿ ಕಂಡಂತೆ ತಿರುಗಿ, ತಗ್ಗಾಗಿ ಮೂಡುತ್ತದೆ. ಇದನ್ನು ನಕಲು ಮಾಡುವವರು ಎರಡು ನಾಣ್ಯಗಳನ್ನು ವೈಸಿನಲ್ಲಿ ಹಿಡಿದು ಒತ್ತುತ್ತಾರೆ. ಆಗ ತಗ್ಗು ಮುಖದ ಸುತ್ತ ಮೊದಲಿದ್ದ ಅಕ್ಷರಗಳ ಅವಶೇಷ ಚಪ್ಪಟೆಯಾಗಿ ಉಳಿದಿರುತ್ತದೆ. ಬಿಲ್ಲೆಯ ಮೇಲೆ ಬಿದ್ದ ಅಚ್ಚಿನಲ್ಲಿ ಅಂಥ ಪಳೆಯುಳಿಕೆ ಇರಲು ಸಾಧ್ಯವಿಲ್ಲ.

ತಪ್ಪೂ ಅಲ್ಲ, ಪೆಟ್ಟೂ ಅಲ್ಲ ಎಂಬುದೂ ಉಂಟು. 1862ರಿಂದ 1874ರವರೆಗೆ ವಿಕ್ಟೋರಿಯಾ ರೂಪಾಯಿಗಳ ಮೇಲೆ ಒಂದೇ ಇಸವಿ, 1862. ಅವುಗಳಲ್ಲಿ ಕೆಲವಕ್ಕೆ ಇಸವಿಯ ಕೆಳಗೆ ಹೆಚ್ಚುವರಿ ಚುಕ್ಕೆಗಳಿವೆ. ಅವು ಬೇಕೆಂದೇ ಇಟ್ಟ ಗುರುತುಗಳು. 1911ರ 'ಹಂದಿ ರೂಪಾಯಿ'ಯೂ ಹಾಗೆಯೇ: ಐದನೇ ಜಾರ್ಜ್ ದೊರೆಯ ಉಡುಪಿನ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು. ಸುಮಾರು 94 ಲಕ್ಷ ಒತ್ತಿದ್ದರೂ ಹೊರಬಿದ್ದದ್ದು ಸುಮಾರು 7 ಲಕ್ಷ. ಮರುವರ್ಷ ಆನೆಗೆ ಸೊಂಡಿಲು ಸ್ಪಷ್ಟವಾಗಿ ಬಂತು. ಯಂತ್ರ ಅಲ್ಲಿ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಯುದ್ಧಕಾಲದ ತೂತು ಕಾಸು (1943ರಿಂದ 47) ನಮ್ಮ ಹಿರಿಯರಿಗೆ ನೆನಪಿರಬಹುದು. ಅದರ ತೂತು ಟಂಕಸಾಲೆಯದೇ. ತೂತು ಪಕ್ಕಕ್ಕೆ ಸರಿದಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಅದು ತಪ್ಪು. ಬೆಳ್ಳಿ ರೂಪಾಯಿಗೆ ತೂತಿದ್ದರೆ ಮಾತ್ರ ಅದು ಯಾರೋ ಮಗುವಿನ ಕೊರಳಿಗೆ ಕಟ್ಟಿದ್ದು.

ಕಾಸಿನ ಸರದ ಕಥೆಯೂ ಅದೇ. ನಾಣ್ಯದ ನೆತ್ತಿಯಲ್ಲಿ ಬೆಸುಗೆಯ ಗಂಟು, ಕೊಂಡಿ ಕಿತ್ತ ಗಾಯ, ಅಂಚಿನ ಗೀರುಗಳು ಅಲ್ಲಿ ಮಾಯವಾಗಿ ನುಣುಪು, ವರ್ಷಗಟ್ಟಲೆ ಎದೆಯ ಮೇಲೆ ಸವೆದ ಹಿಂಬದಿ. ಸಂಗ್ರಾಹಕರು ಇದಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ, ಅದು ಅವರ ಲೆಕ್ಕ. ಆದರೆ ಯಾವ ಮನೆಯಲ್ಲಿ, ಯಾರು, ಯಾವ ಆಪತ್ತಿಗೆಂದು ಕೂಡಿಟ್ಟರು ಎಂಬುದು ಇರುವುದು ಆ ಬೆಸುಗೆಯಲ್ಲೇ. ಸರಾಫರು ಬೆಳ್ಳಿ ಪರೀಕ್ಷಿಸಲು ಹೊಡೆದ ಸಣ್ಣ ಮುದ್ರೆಗಳೂ ಹೀಗೆಯೇ ಪೆಟ್ಟು, ಹೀಗೆಯೇ ಚರಿತ್ರೆ.

ಹಣ ಕಳೆದುಕೊಳ್ಳುವ ಭಯ ಬೇರೆಯೇ ಇದೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿ, ಹಳೆಯ ನಾಣ್ಯ ಕೊಳ್ಳುತ್ತೇವೆಂದು ಮುಂಗಡ ಶುಲ್ಕ, ಕಮಿಷನ್, ತೆರಿಗೆ ಕೇಳುವ ವಂಚಕರ ಬಗ್ಗೆ 2021ರಲ್ಲಿ ಬ್ಯಾಂಕೇ ಎಚ್ಚರಿಸಿದೆ. ನಾಣ್ಯ ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು.

ಮನೆಯಲ್ಲಿರುವುದನ್ನು ತೋರಿಸುವ ಮೊದಲು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಬ್ಬದ ತಟ್ಟೆ ಲೋಟಗಳಿಗೆ ಅದು ಸರಿ. ನಾಣ್ಯದ ಮೇಲೆ ಹುಳಿ ಮತ್ತು ತಿಕ್ಕಾಟ ಸೂಕ್ಷ್ಮ ಗೆರೆಗಳನ್ನೆಲ್ಲ ಅಳಿಸಿಬಿಡುತ್ತದೆ, ಆಮೇಲೆ ತಪ್ಪು ಯಾವುದು ಪೆಟ್ಟು ಯಾವುದು ಎಂದು ಬಲ್ಲವರಿಗೂ ಹೇಳಲಾಗದು. ಸಣ್ಣ ತಕ್ಕಡಿಯಲ್ಲಿ ತೂಗಿ, ಎರಡೂ ಬದಿಯ ಫೋಟೊ ತೆಗೆದು, ಯಾರಿಂದ ಬಂತೆಂದು ಚೀಟಿ ಬರೆದು ಜೊತೆಗಿಡಿ. ಕೊಂಡಿ ಇದ್ದರೆ ಕೀಳಬೇಡಿ.