ಗುಂಪು ವಿಂಗಡಣೆಯಲ್ಲಿ ಭಾಗಾಕಾರ ಮತ್ತು ಅಪವರ್ತನ

ತರಗತಿಯ ಮಕ್ಕಳನ್ನು ಒಬ್ಬರೂ ಹೊರಗುಳಿಯದಂತೆ ಸಮ ಗುಂಪುಗಳಾಗಿ ಮಾಡಲು ಎಷ್ಟು ದಾರಿಗಳಿವೆ ಎಂಬುದನ್ನು ಆ ತರಗತಿಯ ಸಂಖ್ಯೆಯ ಅಪವರ್ತನಗಳು ತಿಳಿಸುತ್ತವೆ. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಯೇ ಅದರ ಅಪವರ್ತನ. 2009ರ ಶಿಕ್ಷಣ ಹಕ್ಕು ಕಾಯಿದೆ ಕಿರಿಯ ಪ್ರಾಥಮಿಕ ಹಂತಕ್ಕೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು, ಹಿರಿಯ ಪ್ರಾಥಮಿಕ ಹಂತಕ್ಕೆ 35 ಮಕ್ಕಳಿಗೆ ಒಬ್ಬರು ಎಂಬ ಲೆಕ್ಕ ಇಟ್ಟಿದೆ. 30ಕ್ಕೆ ಎಂಟು ಅಪವರ್ತನಗಳು: 1, 2, 3, 5, 6, 10, 15, 30. 35ಕ್ಕೆ ನಾಲ್ಕೇ: 1, 5, 7, 35. ಮಕ್ಕಳು ಐದು ಹೆಚ್ಚಾದರು, ದಾರಿಗಳು ಅರ್ಧಕ್ಕೆ ಇಳಿದವು. ಸಂಖ್ಯೆ ದೊಡ್ಡದಾದಷ್ಟೂ ಹಂಚುವುದು ಸುಲಭ ಎನ್ನುವಂತಿಲ್ಲ. ಆದರೂ ಕಬಡ್ಡಿ ಆಡಿಸುವವರಿಗೆ 35 ಒದಗುತ್ತದೆ. ಏಳು ಜನರ ಐದು ತಂಡಗಳು ಸರಿಯಾಗಿ ಆಗುತ್ತವೆ.

ಅಪವರ್ತನಗಳು ಜೋಡಿಯಾಗಿ ಬರುತ್ತವೆ. 5 × 6 = 30 ಎಂದು ಗೊತ್ತಾದರೆ ಆರಾರು ಮಕ್ಕಳ ಐದು ಗುಂಪು, ಐದೈದು ಮಕ್ಕಳ ಆರು ಗುಂಪು, ಎರಡೂ ಸಿಕ್ಕಂತೆ. ಹಾಗಾಗಿ 30ರ ಅಪವರ್ತನಗಳನ್ನು ಹುಡುಕಲು 5ರವರೆಗೆ ಭಾಗಿಸಿ ನೋಡಿದರೆ ಸಾಕು. 36ರಲ್ಲಿ 6 ತನಗೆ ತಾನೇ ಜೋಡಿ. ಅದಕ್ಕೇ ಅದರ ಅಪವರ್ತನಗಳ ಸಂಖ್ಯೆ ಬೆಸ, ಒಟ್ಟು ಒಂಬತ್ತು. 37 ಅವಿಭಾಜ್ಯ ಸಂಖ್ಯೆ. ಒಂದೇ ಗುಂಪಾಗಿ ಕೂರಿಸಬೇಕು, ಇಲ್ಲವೇ ಒಬ್ಬೊಬ್ಬರನ್ನೇ ಬೇರೆ ಮಾಡಬೇಕು.

ಭಾಗಾಕಾರ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಐದು ಗುಂಪು ಬೇಕು, ಒಂದೊಂದರಲ್ಲಿ ಎಷ್ಟು ಮಕ್ಕಳು? ಇದು ಹಂಚಿಕೆ. ಐದೈದು ಮಕ್ಕಳ ಗುಂಪು ಬೇಕು, ಎಷ್ಟು ಗುಂಪುಗಳಾಗುತ್ತವೆ? ಇದು ಅಳತೆ. ಎರಡಕ್ಕೂ 30 ÷ 5 = 6 ಎಂದೇ ಬರೆಯುತ್ತೇವೆ, ಆದರೆ ಅಂಗಳದಲ್ಲಿ ಕಾಣುವ ನೋಟ ಬೇರೆ ಬೇರೆ. ಈ ವ್ಯತ್ಯಾಸವನ್ನು ಮಕ್ಕಳೇ ಎದ್ದು ನಿಂತು ಮಾಡಿ ನೋಡುವುದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆಟದ ಪಿರಿಯಡ್ಡಿನಲ್ಲಿ ಸಾಲಾಗಿ ನಿಂತ ಮಕ್ಕಳು ಒಂದು, ಎರಡು ಎಂದು ಐದರವರೆಗೆ ಕೂಗಿ ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಒಂದೇ ಅಂಕಿ ಕೂಗಿದವರೆಲ್ಲ ಒಂದು ಗುಂಪು. ಇದು ಶೇಷದ ಲೆಕ್ಕವೇ. ಸಾಲಿನಲ್ಲಿ 3, 8, 13, 18ನೆಯವರು ಒಂದೆಡೆ ಸೇರುತ್ತಾರೆ, ಏಕೆಂದರೆ ಈ ಸಂಖ್ಯೆಗಳನ್ನು 5ರಿಂದ ಭಾಗಿಸಿದಾಗ ಉಳಿಯುವುದು 3. ಸಾಲಿನಲ್ಲಿ 38 ಮಕ್ಕಳಿದ್ದರೆ 38 = 5 × 7 + 3. ಮೊದಲ ಮೂರು ಅಂಕಿಗಳನ್ನು ಕೂಗಿದವರ ಗುಂಪುಗಳಲ್ಲಿ ಎಂಟೆಂಟು ಮಕ್ಕಳು, ಉಳಿದ ಎರಡರಲ್ಲಿ ಏಳೇಳು. ಶೇಷ ಎಷ್ಟೋ ಅಷ್ಟು ಗುಂಪುಗಳಿಗೆ ಒಬ್ಬೊಬ್ಬರು ಹೆಚ್ಚು. ಯಾವ ಎರಡು ಗುಂಪುಗಳ ನಡುವೆಯೂ ಒಬ್ಬರಿಗಿಂತ ಹೆಚ್ಚಿನ ಅಂತರವಿಲ್ಲ. ಪಠ್ಯದ ಲೆಕ್ಕಗಳಲ್ಲಿ ಶೇಷವನ್ನು ಬದಿಗೆ ಬರೆದು ಮರೆಯುವುದು ರೂಢಿ. ತರಗತಿಯಲ್ಲಿ ಶೇಷವೆಂದರೆ ಮಕ್ಕಳು; ಅವರನ್ನು ಮರೆಯುವಂತಿಲ್ಲ.

ಗುಂಪಿನ ಗಾತ್ರ ಎರಡು ಬಗೆಯದ್ದಾಗಬಹುದು ಎಂದು ಒಪ್ಪಿಕೊಂಡರೆ ಅವಿಭಾಜ್ಯ ಸಂಖ್ಯೆಯೂ ತೊಡಕಲ್ಲ. 37 ಮಕ್ಕಳನ್ನು ನಾಲ್ವರ ಮೂರು ಗುಂಪು, ಐವರ ಐದು ಗುಂಪು ಮಾಡಬಹುದು. ನಾಲ್ವರ ಮತ್ತು ಐವರ ಗುಂಪುಗಳನ್ನಷ್ಟೇ ಬಳಸಿ ಹಂಚಲಾಗದ ಅತಿ ದೊಡ್ಡ ಸಂಖ್ಯೆ 11. 12 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಯಾವ ತರಗತಿಯನ್ನಾದರೂ ಹೀಗೆ ವಿಂಗಡಿಸಬಹುದು.

ಪ್ರತಿ ಗುಂಪಿನಲ್ಲೂ ಹುಡುಗಿಯರು ಮತ್ತು ಹುಡುಗರು ಒಂದೇ ಪ್ರಮಾಣದಲ್ಲಿರಬೇಕು ಎಂದಾಗ ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಮ.ಸಾ.ಅ., ಬೇಕಾಗುತ್ತದೆ. 24 ಹುಡುಗಿಯರು, 18 ಹುಡುಗರು ಇದ್ದರೆ ಮ.ಸಾ.ಅ. 6. ಹೆಚ್ಚೆಂದರೆ ಆರು ಗುಂಪುಗಳು; ಒಂದೊಂದರಲ್ಲಿ ನಾಲ್ವರು ಹುಡುಗಿಯರು, ಮೂವರು ಹುಡುಗರು.

ಸಮಾನ ಗಾತ್ರದ ಗುಂಪೇ ಯಾವಾಗಲೂ ಸರಿಯಾದ ಗುಂಪು ಎಂದೇನಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಗುಂಪುಗಳಲ್ಲಿ ಕಲಿಯುತ್ತಾರೆ. ಅಲ್ಲಿ ಗುಂಪನ್ನು ನಿರ್ಧರಿಸುವುದು ಮಗು ಕಲಿಕೆಯಲ್ಲಿ ಎಲ್ಲಿದೆ, ಅದಕ್ಕೆ ಎಷ್ಟು ಸಹಾಯ ಬೇಕು ಎಂಬುದು. ಹಾಗಾಗಿ ಒಂದು ಗುಂಪು ದೊಡ್ಡದು, ಇನ್ನೊಂದು ಚಿಕ್ಕದು ಆಗುವುದು ಸಹಜ.

ಸಮವಾಗಿ ಹಂಚುವ ಲೆಕ್ಕಗಳಿಗೆ ಕನ್ನಡ ನಾಡಿನಲ್ಲಿ ಹಳೆಯ ಪರಂಪರೆಯಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಕುಟ್ಟೀಕಾರವೆಂಬ ವಿಧಾನದ ಭಾಗವಿದೆ. ಅದರ ಒಂದು ಸಮಸ್ಯೆಯಲ್ಲಿ ಸಮನಾದ 63 ರಾಶಿ ಬಾಳೆಹಣ್ಣು ಮತ್ತು ಬಿಡಿಯಾದ 7 ಹಣ್ಣುಗಳನ್ನು 23 ಪಯಣಿಗರಿಗೆ ಏನೂ ಉಳಿಯದಂತೆ ಹಂಚಲಾಗಿದೆ. ಒಂದು ರಾಶಿಯಲ್ಲಿ ಎಷ್ಟು ಹಣ್ಣು ಎಂಬುದು ಪ್ರಶ್ನೆ. ಅತಿ ಚಿಕ್ಕ ಉತ್ತರ 5. ಆಗ ಒಟ್ಟು 322 ಹಣ್ಣು, ತಲಾ 14. ಬೀಜಗಣಿತ ಬಾರದ ಮಕ್ಕಳೂ ಒಂದು, ಎರಡು, ಮೂರು ಎಂದು ಇಟ್ಟು ನೋಡುತ್ತಾ ಇದನ್ನು ಬಿಡಿಸಬಲ್ಲರು. ಅಪವರ್ತನಗಳ ಪಾಠ ಮಾಡುವ ಶಿಕ್ಷಕರು ಈ ಲೆಕ್ಕವನ್ನು ಒಮ್ಮೆ ತರಗತಿಗೆ ಕೊಡಬೇಕು.