ಮೋಟಾರ್‌ಸೈಕಲ್ ಕೆಲಸದ ಬೆಸುಗೆ ಯಂತ್ರ

ಮೋಟಾರ್‌ಸೈಕಲ್ ಕೆಲಸದ ಬೆಸುಗೆ ಯಂತ್ರವು ದ್ವಿಚಕ್ರ ವಾಹನದ ಸ್ಟ್ಯಾಂಡ್, ಬ್ರ್ಯಾಕೆಟ್, ಸೈಲೆನ್ಸರ್, ಕ್ಯಾರಿಯರ್, ಮಡ್‌ಗಾರ್ಡ್ ಮುಂತಾದ ಭಾಗಗಳನ್ನು ಜೋಡಿಸಲು ಅಥವಾ ದುರಸ್ತಿ ಮಾಡಲು ಬಳಸುವ ಸಣ್ಣ ಸಾಮರ್ಥ್ಯದ ವಿದ್ಯುತ್ ಚಾಪ ಬೆಸುಗೆ ಸಾಧನವಾಗಿದೆ. ಆಡುಮಾತಿನಲ್ಲಿ ಇದನ್ನು ವೆಲ್ಡಿಂಗ್ ಮಷಿನ್ ಅಥವಾ ವೆಲ್ಡಿಂಗ್ ಸೆಟ್ ಎನ್ನುತ್ತಾರೆ. ಇಂಥ ಕೆಲಸವು ಹೆಚ್ಚಾಗಿ ಮನೆಯ ಪಕ್ಕದ ಷೆಡ್ಡಿನಲ್ಲೋ ಒಂದೇ ಬಾಗಿಲಿನ ಮಳಿಗೆಯಲ್ಲೋ ನಡೆಯುತ್ತದೆ. ಅಲ್ಲಿ ಮೂರು ಫೇಸಿನ ವಿದ್ಯುತ್ ಇರುವುದು ಅಪರೂಪ. ಆದುದರಿಂದ ಹೊಸದಾಗಿ ಕಲಿಯುವವರ ಆಯ್ಕೆಯನ್ನು ಯಂತ್ರದ ಬೆಲೆಗಿಂತ ಮೊದಲು ಗೋಡೆಯ ಮೇಲಿನ ಸಾಕೆಟ್ ನಿರ್ಧರಿಸುತ್ತದೆ.

ವಿದ್ಯುತ್ ಪೂರೈಕೆಯ ಮಿತಿ

ಭಾರತದಲ್ಲಿ ಮನೆಗಳಿಗೂ ಸಣ್ಣ ಮಳಿಗೆಗಳಿಗೂ ದೊರೆಯುವ ಏಕ ಫೇಸ್ ಸಂಪರ್ಕವು 230 ವೋಲ್ಟ್, 50 ಹರ್ಟ್ಸ್‌ನದು. ಗೋಡೆಯ ಸಾಕೆಟ್‌ಗಳು ಸಾಮಾನ್ಯವಾಗಿ 6 ಆಂಪಿಯರ್ ಮತ್ತು 16 ಆಂಪಿಯರ್ ಎಂಬ ಎರಡು ಅಳತೆಗಳಲ್ಲಿರುತ್ತವೆ. ಬೆಸುಗೆಯ ಮಟ್ಟಿಗೆ ಮೊದಲನೆಯದು ಲೆಕ್ಕಕ್ಕಿಲ್ಲ. ಗೀಸರ್, ಹವಾನಿಯಂತ್ರಕಗಳಿಗೆ ಬಳಸುವ 16 ಆಂಪಿಯರ್ ಸಾಕೆಟ್‌ನಿಂದ ಹೆಚ್ಚೆಂದರೆ 3,680 ವೋಲ್ಟ್-ಆಂಪಿಯರ್ ಸಿಗುತ್ತದೆ.

ಇಷ್ಟರಲ್ಲಿ ಎಷ್ಟು ಬೆಸುಗೆ ಸಾಧ್ಯವೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಚಾಪದ ವೋಲ್ಟೇಜನ್ನು ಅಂದಾಜಿಸಲು ಅಂತರರಾಷ್ಟ್ರೀಯ ಮಾನದಂಡವು ಸರಳ ಸೂತ್ರಗಳನ್ನು ಕೊಟ್ಟಿದೆ. ರಾಡ್ ಬೆಸುಗೆಯಲ್ಲಿ 20ಕ್ಕೆ, ಆಂಪಿಯರಿನ 0.04 ಪಾಲನ್ನು ಕೂಡಬೇಕು. ಟಿಗ್‌ನಲ್ಲಿ 10ಕ್ಕೆ 0.04 ಪಾಲು, ಮಿಗ್‌ನಲ್ಲಿ 14ಕ್ಕೆ 0.05 ಪಾಲು. 80 ಆಂಪಿಯರಿನ ಬೆಸುಗೆಯನ್ನೇ ತೆಗೆದುಕೊಂಡರೆ, ರಾಡ್‌ನಲ್ಲಿ ಚಾಪದ ವೋಲ್ಟೇಜ್ 23.2 ಆಗುತ್ತದೆ, ಅಂದರೆ ಸುಮಾರು 1,860 ವಾಟ್. ಯಂತ್ರದ ದಕ್ಷತೆ ಶೇ. 80, ಪವರ್ ಫ್ಯಾಕ್ಟರ್ 0.7 ಎಂದು ಇಟ್ಟುಕೊಂಡರೆ ಗೋಡೆಯಿಂದ ಎಳೆಯುವ ಪ್ರವಾಹ 14 ಆಂಪಿಯರಿಗೂ ತುಸು ಹೆಚ್ಚು. ಅದೇ 80 ಆಂಪಿಯರಿನ ಮಿಗ್ ಬೆಸುಗೆಗೆ ಸುಮಾರು 11 ಆಂಪಿಯರ್, ಟಿಗ್‌ಗೆ ಸುಮಾರು 8 ಆಂಪಿಯರ್ ಸಾಕು. ರಾಡ್ ಬೆಸುಗೆಯನ್ನು 120 ಆಂಪಿಯರಿಗೆ ಏರಿಸಿದರೆ ಗೋಡೆಯ ಕಡೆ 23 ಆಂಪಿಯರ್ ಬೇಕಾಗುತ್ತದೆ. 16 ಆಂಪಿಯರಿನ ಸಾಕೆಟ್ ಅದನ್ನು ಬಹುಕಾಲ ತಾಳದು. ಯಂತ್ರದ ಮೇಲೆ 200 ಎಂದೋ 250 ಎಂದೋ ದೊಡ್ಡಕ್ಷರದಲ್ಲಿ ಬರೆದಿದ್ದರೂ ಮನೆಯ ಸಂಪರ್ಕದಲ್ಲಿ ಅದರ ಪೂರ್ಣ ಬಲ ದೊರೆಯದಿರುವುದಕ್ಕೆ ಇದೇ ಕಾರಣ.

ವೋಲ್ಟೇಜ್ ಕುಸಿತವು ಇನ್ನೊಂದು ತೊಡಕು. ಸಂಜೆಯ ವೇಳೆ, ಅಥವಾ ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ಹಳ್ಳಿಗಳಲ್ಲಿ, 230 ಇರಬೇಕಾದದ್ದು 190ಕ್ಕೆ ಇಳಿಯುವುದುಂಟು. ಆಗ ಇನ್ವರ್ಟರ್ ಯಂತ್ರವು ಅದೇ ಚಾಪವನ್ನು ಉಳಿಸಿಕೊಳ್ಳಲು ಗೋಡೆಯಿಂದ ಇನ್ನೂ ಹೆಚ್ಚು ಪ್ರವಾಹ ಎಳೆಯುತ್ತದೆ. ಮೇಲಿನ 14 ಆಂಪಿಯರ್ 17 ದಾಟುತ್ತದೆ. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್ ಇದಕ್ಕೆ ಮತ್ತಷ್ಟು ಇಂಬು ಕೊಡುತ್ತದೆ. 1 ಚದರ ಮಿಲಿಮೀಟರಿನ ತಾಮ್ರದ ತಂತಿ 30 ಮೀಟರ್ ಉದ್ದವಿದ್ದು 15 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 16 ವೋಲ್ಟ್ ನಷ್ಟವಾಗುತ್ತದೆ, 2.5 ಚದರ ಮಿಲಿಮೀಟರಿನ ತಂತಿಯಲ್ಲಿ ಸುಮಾರು 7 ವೋಲ್ಟ್ ಮಾತ್ರ. ಸುರುಳಿ ಸುತ್ತಿಟ್ಟ ವೈರನ್ನು ಬಿಚ್ಚದೆ ಬಳಸಿದರೆ ಶಾಖ ಹೊರಹೋಗದೆ ಹೊದಿಕೆ ಕರಗುತ್ತದೆ.

ಸ್ವಿಚ್ ಹಾಕಿದ ಕ್ಷಣದಲ್ಲಿ ಯಂತ್ರದ ಒಳಗಿನ ಕೆಪಾಸಿಟರ್‌ಗಳು ತುಂಬಿಕೊಳ್ಳುವಾಗ ಒಮ್ಮೆಲೇ ಹೆಚ್ಚು ಪ್ರವಾಹ ಹರಿಯುತ್ತದೆ. ಇದರಿಂದ 'ಬಿ' ಬಗೆಯ ಎಂಸಿಬಿ ಕಾರಣವಿಲ್ಲದೆ ಬಿದ್ದಂತೆ ತೋರುತ್ತದೆ. ಅದು ತನ್ನ ಅಳತೆಯ 3ರಿಂದ 5 ಪಟ್ಟು ಪ್ರವಾಹಕ್ಕೆ ತಕ್ಷಣ ಬೀಳುವಂಥದ್ದು; 'ಸಿ' ಬಗೆಯದು 5ರಿಂದ 10 ಪಟ್ಟಿನವರೆಗೆ ತಾಳುತ್ತದೆ. ಎಂಸಿಬಿ ಬೀಳುತ್ತದೆಂದು ತಂತಿಯನ್ನು ಬದಲಿಸದೆ ದೊಡ್ಡ ಅಳತೆಯದನ್ನು ಹಾಕುವುದು ಗೋಡೆಯೊಳಗೆ ಬೆಂಕಿಯನ್ನು ಬಚ್ಚಿಟ್ಟಂತೆ.

ಮಂಜೂರಾದ ಹೊರೆಯನ್ನೂ ಗಮನಿಸಬೇಕು. ಮೇಲಿನ ರಾಡ್ ಬೆಸುಗೆಯೊಂದೇ 2.3 ಕಿಲೋವಾಟ್ ಬೇಡುತ್ತದೆ, ಆದರೆ ಅನೇಕ ಹಳೆಯ ಮನೆಗಳ ಮಂಜೂರಾತಿ 1 ಅಥವಾ 2 ಕಿಲೋವಾಟ್ ಮಾತ್ರ. ಗ್ಯಾರೇಜನ್ನು ವ್ಯಾಪಾರವಾಗಿ ನಡೆಸುವವರು ಗೃಹಬಳಕೆಯ ಸಂಪರ್ಕವನ್ನು ಉಪಯೋಗಿಸಿದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಕಲಮಿನಂತೆ ಅದು ಅನಧಿಕೃತ ಬಳಕೆಯಾಗುತ್ತದೆ.

ಫಲಕದ ಓದು

ಯಂತ್ರದ ಹಿಂಬದಿಗೆ ಅಂಟಿಸಿದ ಸಣ್ಣ ಫಲಕವೇ ಅದರ ನಿಜವಾದ ಜಾತಕ. ಅದರಲ್ಲಿ ಮುಖ್ಯವಾದುದು ಡ್ಯೂಟಿ ಸೈಕಲ್, ಅಂದರೆ 40 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ 10 ನಿಮಿಷಗಳ ಅವಧಿಗೆ ಎಷ್ಟು ನಿಮಿಷ ಚಾಪ ಉರಿಸಬಹುದೆಂಬ ಪ್ರಮಾಣ. 140 ಆಂಪಿಯರಿಗೆ ಶೇ. 20 ಎಂದಿದ್ದರೆ 2 ನಿಮಿಷ ಬೆಸೆದು 8 ನಿಮಿಷ ಬಿಡುವು ಕೊಡಬೇಕು. ಪ್ರವಾಹ ಇಳಿದಂತೆ ಈ ಅವಧಿ ವರ್ಗಾನುಪಾತದಲ್ಲಿ ಬೆಳೆಯುವುದರಿಂದ ಅದೇ ಯಂತ್ರ 80 ಆಂಪಿಯರಿನಲ್ಲಿ ಸುಮಾರು 6 ನಿಮಿಷ ದುಡಿಯಬಲ್ಲದು. ಮೋಟಾರ್‌ಸೈಕಲ್ಲಿನ ಬೆಸುಗೆಗಳು ಒಂದೆರಡು ಅಂಗುಲದವಾದುದರಿಂದ ಕಡಿಮೆ ಡ್ಯೂಟಿ ಸೈಕಲ್ ಇಲ್ಲಿ ದೊಡ್ಡ ಕೊರತೆಯಲ್ಲ.

ಫಲಕದಲ್ಲಿ ಒಳಹರಿವಿನ ಎರಡು ಸಂಖ್ಯೆಗಳಿರುತ್ತವೆ: ಗರಿಷ್ಠ ಪ್ರವಾಹ ಮತ್ತು ಪರಿಣಾಮಕ ಪ್ರವಾಹ. ಗರಿಷ್ಠವನ್ನು ಡ್ಯೂಟಿ ಸೈಕಲ್ಲಿನ ವರ್ಗಮೂಲದಿಂದ ಗುಣಿಸಿದರೆ ಎರಡನೆಯದು ಸ್ಥೂಲವಾಗಿ ದೊರೆಯುತ್ತದೆ. ಗರಿಷ್ಠ 26 ಆಂಪಿಯರ್, ಡ್ಯೂಟಿ ಸೈಕಲ್ ಶೇ. 20 ಇದ್ದರೆ ಪರಿಣಾಮಕ ಪ್ರವಾಹ ಸುಮಾರು 11.6 ಆಂಪಿಯರ್. ತಂತಿಯ ಗಾತ್ರವನ್ನು ಈ ಎರಡನೆಯ ಸಂಖ್ಯೆ ಹೇಳುತ್ತದೆ. ಈ ಸಂಖ್ಯೆಗಳೇ ಇಲ್ಲದ ಯಂತ್ರವನ್ನು ಅಗ್ಗವೆಂಬ ಒಂದೇ ಕಾರಣಕ್ಕೆ ಕೊಳ್ಳುವುದು ಜಾಣತನವಲ್ಲ.

ಟ್ರಾನ್ಸ್‌ಫಾರ್ಮರ್ ಮತ್ತು ಇನ್ವರ್ಟರ್

ಹಳೆಯ ವರ್ಕ್‌ಶಾಪ್‌ಗಳಲ್ಲಿ ಕಾಣುವ ಭಾರವಾದ ಟ್ರಾನ್ಸ್‌ಫಾರ್ಮರ್ ಸೆಟ್‌ಗಳನ್ನು ಎರಡು ಫೇಸಿನ ನಡುವಿನ 415 ವೋಲ್ಟ್‌ಗೆ ಜೋಡಿಸುವುದೇ ರೂಢಿ. ಅವು ಗಟ್ಟಿಮುಟ್ಟು, ಧೂಳಿಗೆ ಹೆದರವು. ಆದರೆ ಪವರ್ ಫ್ಯಾಕ್ಟರ್ ಕಡಿಮೆ, ಪರ್ಯಾಯ ಪ್ರವಾಹ ಮಾತ್ರ. ಇನ್ವರ್ಟರ್ ಯಂತ್ರವು ಬಂದ ವಿದ್ಯುತ್ತನ್ನು ಮೊದಲು ನೇರ ಪ್ರವಾಹವಾಗಿ ಮಾಡಿ, ಐಜಿಬಿಟಿ ಎಂಬ ಅರೆವಾಹಕ ಸ್ವಿಚ್‌ಗಳಿಂದ ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಸಣ್ಣ ಟ್ರಾನ್ಸ್‌ಫಾರ್ಮರ್‌ಗೆ ಉಣಿಸುತ್ತದೆ. ಆವರ್ತನ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರ್ ಕಿರಿದಾಗುವುದರಿಂದ ಯಂತ್ರವನ್ನು ಒಂದು ಕೈಯಲ್ಲಿ ಎತ್ತಬಹುದು. ಸೀಮಿತ ವಿದ್ಯುತ್ತಿನ ಜಾಗಕ್ಕೆ ಇದೇ ಸೂಕ್ತ. ಗ್ರೈಂಡರ್‌ನಿಂದ ಹಾರುವ ಕಬ್ಬಿಣದ ಪುಡಿ ಇದರ ಶತ್ರು. ಒಳಗಿನ ಫ್ಯಾನ್ ಅದನ್ನು ಎಳೆದುಕೊಂಡು ಸರ್ಕ್ಯೂಟನ್ನು ಸುಡಿಸುತ್ತದೆ.

ಲೋಹ, ದಪ್ಪ ಮತ್ತು ವಿಧಾನ

ಸಾಮಾನ್ಯ ಬೈಕುಗಳ ಚೌಕಟ್ಟಿನ ಉಕ್ಕಿನ ಕೊಳವೆಗಳ ಗೋಡೆ ಸುಮಾರು 1.6ರಿಂದ 2.5 ಮಿಲಿಮೀಟರ್ ದಪ್ಪವಿರುತ್ತದೆ. ಮಡ್‌ಗಾರ್ಡ್, ಟೂಲ್ ಬಾಕ್ಸ್, ಪೆಟ್ರೋಲ್ ಟ್ಯಾಂಕ್‌ಗಳ ತಗಡು 1 ಮಿಲಿಮೀಟರಿನ ಆಸುಪಾಸು. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಮರಳಿ ಓಡಿಸುವ ಹವ್ಯಾಸಿಗಳು ಎದುರಿಸುವುದು ತುಕ್ಕು ತಿಂದು ಇನ್ನೂ ತೆಳುವಾದ ತಗಡನ್ನು. ಹೀಗಾಗಿ ಈ ಕೆಲಸಕ್ಕೆ ಹೆಚ್ಚಿನ ಆಂಪಿಯರಿಗಿಂತ ಕಡಿಮೆ ಆಂಪಿಯರಿನಲ್ಲಿ ನಡುಗದೆ ಉರಿಯುವ ಚಾಪ ಮುಖ್ಯ.

ರಾಡ್ ಬೆಸುಗೆ ಅಗ್ಗವಾದುದು, ಅನಿಲದ ಸಿಲಿಂಡರ್ ಬೇಡದ್ದು. ಇ6013 ವರ್ಗದ 2.5 ಮಿಲಿಮೀಟರ್ ರಾಡ್ ಸುಮಾರು 60ರಿಂದ 90 ಆಂಪಿಯರಿನಲ್ಲಿ, 2 ಮಿಲಿಮೀಟರಿನದು 40ರಿಂದ 60 ಆಂಪಿಯರಿನಲ್ಲಿ ಉರಿಯುತ್ತದೆ. ಎರಡೂ 16 ಆಂಪಿಯರಿನ ಸಾಕೆಟ್ಟಿಗೆ ಬಹುಮಟ್ಟಿಗೆ ಒಗ್ಗುತ್ತವೆ. ಸ್ಟ್ಯಾಂಡ್, ಕ್ಯಾರಿಯರ್, ದಪ್ಪ ಬ್ರ್ಯಾಕೆಟ್‌ಗಳಿಗೆ ಇದು ಸಾಕು. ತಗಡಿಗೆ ಹಚ್ಚಿದರೆ ಕ್ಷಣಾರ್ಧದಲ್ಲಿ ತೂತಾಗುತ್ತದೆ.

ಮಿಗ್‌ನಲ್ಲಿ ತಂತಿಯು ಸುರುಳಿಯಿಂದ ತಾನಾಗಿ ಬರುತ್ತದೆ, ಕಾರ್ಬನ್ ಡೈ ಆಕ್ಸೈಡ್ ಅಥವಾ ಆರ್ಗಾನ್ ಮಿಶ್ರಣವು ಕರಗಿದ ಲೋಹವನ್ನು ಕಾಯುತ್ತದೆ. ಕಲಿಯಲು ಎಲ್ಲಕ್ಕಿಂತ ಸುಲಭ, ತಗಡಿಗೆ ಹೊಂದಿಕೆ. ಆದರೆ ಈ ಸುಲಭತೆಯಲ್ಲೇ ಒಂದು ಮೋಸವಿದೆ: ಲೋಹ ಒಳಕ್ಕೆ ಬೆರೆಯದೆ ಮೇಲೆ ಕುಳಿತಿದ್ದರೂ ಬೆಸುಗೆ ನೋಡಲು ಅಂದವಾಗಿರುತ್ತದೆ. ಅನಿಲವಿಲ್ಲದೆ ಬಳಸುವ ಫ್ಲಕ್ಸ್ ತುಂಬಿದ ತಂತಿಯೂ ಇದೆ. ಅದಕ್ಕೆ ಸಾಮಾನ್ಯವಾಗಿ ಗನ್ನನ್ನು ಋಣ ಧ್ರುವಕ್ಕೆ ಬದಲಿಸಿಕೊಳ್ಳಬೇಕು, ಸಿಡಿತ ಹೆಚ್ಚು.

ಟಿಗ್ ಬೆಸುಗೆಯನ್ನು ಗ್ಯಾರೇಜುಗಳಲ್ಲಿ ಆರ್ಗಾನ್ ವೆಲ್ಡಿಂಗ್ ಎಂದು ಕರೆಯುವುದುಂಟು. 1940ರ ದಶಕದ ಆರಂಭದಲ್ಲಿ ಅಮೆರಿಕದ ವಿಮಾನ ಕಾರ್ಖಾನೆಯಲ್ಲಿ ಮೆಗ್ನೀಸಿಯಮ್ ಬೆಸೆಯಲು ರೂಪುಗೊಂಡ ಈ ವಿಧಾನದಲ್ಲಿ ಕರಗದ ಟಂಗ್‌ಸ್ಟನ್ ಕಡ್ಡಿಯು ಚಾಪ ಹಿಡಿಯುತ್ತದೆ, ಮತ್ತೊಂದು ಕೈ ತಂತಿ ಉಣಿಸುತ್ತದೆ. ಗೋಡೆಯ ವಿದ್ಯುತ್ತನ್ನು ಅತ್ಯಂತ ಕಡಿಮೆ ಬೇಡುವುದೂ ಸ್ಟೇನ್‌ಲೆಸ್ ಸೈಲೆನ್ಸರ್‌ಗೆ ಅತ್ಯಂತ ಅಚ್ಚುಕಟ್ಟಾದುದೂ ಇದೇ. ಕಲಿಕೆ ನಿಧಾನ, ಸಿಲಿಂಡರಿನ ಖರ್ಚು ಬೇರೆ. 7 ಘನ ಮೀಟರಿನ ಆರ್ಗಾನ್ ಸಿಲಿಂಡರು ನಿಮಿಷಕ್ಕೆ 8 ಲೀಟರ್ ಹರಿದರೆ ಸುಮಾರು ಹದಿನಾಲ್ಕೂವರೆ ಗಂಟೆ ಬರುತ್ತದೆ.

ಎಂಜಿನ್ ಕವರ್, ಅಲಾಯ್ ಚಕ್ರಗಳಂಥ ಅಲ್ಯೂಮಿನಿಯಮ್ ಭಾಗಗಳ ಮಾತೇ ಬೇರೆ. ಅಲ್ಯೂಮಿನಿಯಮ್ 660 ಡಿಗ್ರಿಯಲ್ಲಿ ಕರಗಿದರೂ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ಮೀರಬೇಕು. ಆ ಪೊರೆಯನ್ನು ಒಡೆಯಲು ಪರ್ಯಾಯ ಪ್ರವಾಹದ ಟಿಗ್ ಬೇಕು. ನೇರ ಪ್ರವಾಹ ಮಾತ್ರ ಕೊಡುವ ಅಗ್ಗದ ಯಂತ್ರವನ್ನು 'ಟಿಗ್' ಎಂಬ ಹೆಸರು ನೋಡಿ ಕೊಂಡವರು ಇಲ್ಲಿ ನಿರಾಶರಾಗುತ್ತಾರೆ.

ಹಳೆಯ ಕೆಲವು ಚೌಕಟ್ಟುಗಳಲ್ಲಿ ಕೊಳವೆಗಳನ್ನು ಲಗ್‌ಗಳಿಗೆ ಹಿತ್ತಾಳೆಯಿಂದ ಬ್ರೇಜ್ ಮಾಡಲಾಗಿದೆ. ಅಂಥ ಜಾಗದಲ್ಲಿ ಚಾಪ ಹಿಡಿದರೆ ಹಿತ್ತಾಳೆಯು ಬೆಸುಗೆಯೊಳಕ್ಕೆ ಸೇರಿ ಬಿರುಕು ಮೂಡುತ್ತದೆ.

ಆರಂಭಿಕರಿಗೆ ಸೂಕ್ತವಾದುದು

16 ಆಂಪಿಯರಿನ ಒಂದೇ ಸಾಕೆಟ್ ಇರುವಲ್ಲಿ, ಕಡಿಮೆ ವೋಲ್ಟೇಜನ್ನು ತಾಳುವ, 140ರಿಂದ 160 ಆಂಪಿಯರ್ ವರ್ಗದ ನೇರ ಪ್ರವಾಹದ ಇನ್ವರ್ಟರ್ ರಾಡ್ ಯಂತ್ರವು ಉತ್ತಮ ಆರಂಭ. ಅದರಲ್ಲಿ ಲಿಫ್ಟ್ ಟಿಗ್ ಸೌಲಭ್ಯವಿದ್ದರೆ ಮುಂದೆ ಟಾರ್ಚ್ ಮತ್ತು ಸಿಲಿಂಡರ್ ಸೇರಿಸಿಕೊಂಡು ತೆಳು ಉಕ್ಕನ್ನೂ ಬೆಸೆಯಬಹುದು. ತಗಡಿನ ಕೆಲಸವೇ ಮುಖ್ಯವಾದವರಿಗೆ ಮಾತ್ರ ಮೊದಲೇ ಮಿಗ್ ಕೊಳ್ಳುವುದು ಲೇಸು. ಸಣ್ಣ ಜನರೇಟರಿನಿಂದ ನಡೆಸುವುದಾದರೆ ಅದರ ಕೆವಿಎ ಸಾಮರ್ಥ್ಯವು ಯಂತ್ರದ ಗರಿಷ್ಠ ಬೇಡಿಕೆಗಿಂತ ಹೆಚ್ಚಿರಬೇಕು.

ಬೈಕಿಗೆ ಕೈ ಹಚ್ಚುವ ಮೊದಲು ಅದೇ ದಪ್ಪದ ಗುಜರಿ ತುಂಡುಗಳನ್ನು ಬೆಸೆದು, ವೈಸ್‌ನಲ್ಲಿ ಬಿಗಿದು ಸುತ್ತಿಗೆಯಿಂದ ಬಗ್ಗಿಸಿ ನೋಡುವುದು ಹಳೆಯ ಪರೀಕ್ಷೆ. ಸ್ಟೀರಿಂಗ್ ಹೆಡ್, ಸ್ವಿಂಗ್ ಆರ್ಮ್, ಫುಟ್‌ರೆಸ್ಟಿನ ಆಧಾರ, ಬ್ರೇಕ್ ಭಾಗಗಳ ಬೆಸುಗೆ ಬಿಟ್ಟರೆ ಸವಾರನ ಪ್ರಾಣಕ್ಕೇ ಅಪಾಯ. ಅವುಗಳನ್ನು ಅನುಭವಿಗಳಿಗೆ ಬಿಡಬೇಕು.

ಅಪಾಯಗಳು

ಪೆಟ್ರೋಲ್ ಟ್ಯಾಂಕ್ ಎಲ್ಲಕ್ಕಿಂತ ಅಪಾಯಕಾರಿ. ಗಾಳಿಯಲ್ಲಿ ಶೇ. 1.4ರಷ್ಟು ಪೆಟ್ರೋಲ್ ಆವಿ ಇದ್ದರೂ ಅದು ಹೊತ್ತಿಕೊಳ್ಳಬಲ್ಲದು. ಆದುದರಿಂದ ಖಾಲಿ ಎನಿಸುವ ಟ್ಯಾಂಕೂ ಬಾಂಬಿನಂತೆ ಸಿಡಿಯುತ್ತದೆ. ನೀರಿನಿಂದ ಒಮ್ಮೆ ತೊಳೆದ ಮಾತ್ರಕ್ಕೆ ಆವಿ ಹೋಗುವುದಿಲ್ಲ. ಇದು ಆರಂಭಿಕರು ಮಾಡುವ ಕೆಲಸವಲ್ಲ. ಬೇರೆ ಭಾಗಗಳನ್ನು ಬೆಸೆಯುವಾಗಲೂ ಟ್ಯಾಂಕನ್ನು ಕಳಚಿ ದೂರವಿಡಬೇಕು.

ಕ್ಲೋರಿನ್ ಸಂಯುಕ್ತಗಳಿರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಲೋಹಕ್ಕೆ ಚಾಪ ತಗುಲಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕ್ರೋಮ್ ಮತ್ತು ಸತುವಿನ ಲೇಪವನ್ನು ಬೆಸೆಯುವ ಜಾಗದಿಂದ ಉಜ್ಜಿ ತೆಗೆಯಬೇಕು. ಉಜ್ಜುವಾಗಲೂ ಮಾಸ್ಕ್ ಬೇಕು. ಚಾಪದ ನೇರಳಾತೀತ ಕಿರಣವು ಕಣ್ಣಿಗೆ ಮರಳು ಬಿದ್ದಂಥ ಉರಿಯನ್ನು ಕೆಲವು ಗಂಟೆಗಳ ಬಳಿಕ ತರುತ್ತದೆ, ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಕೂಡ.

ವಾಹನದ ಮೇಲೆಯೇ ಬೆಸೆಯಬೇಕಾದರೆ ಬ್ಯಾಟರಿಯ ತಂತಿಗಳನ್ನೂ ಇಸಿಯು ಅಥವಾ ಸಿಡಿಐ ಘಟಕದ ಜೋಡಣೆಯನ್ನೂ ಮೊದಲು ಬಿಚ್ಚಬೇಕು. ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ಭಾಗಕ್ಕೇ, ಹತ್ತಿರದಲ್ಲಿ ಹಿಡಿಸಬೇಕು. ಅದನ್ನು ಚಕ್ರಕ್ಕೆ ಹಿಡಿಸಿದರೆ ಪ್ರವಾಹವು ಬೇರಿಂಗ್ ಮೂಲಕ ಹರಿದು ಅದರ ಗುಂಡುಗಳನ್ನು ಸುಡುತ್ತದೆ.

ಕಾನೂನು

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. ಮುರಿದ ಸ್ಟ್ಯಾಂಡನ್ನು ಮತ್ತೆ ಬೆಸೆಯುವುದು ದುರಸ್ತಿ. ಚೌಕಟ್ಟನ್ನು ಕತ್ತರಿಸಿ ಉದ್ದಗೊಳಿಸುವುದು ದುರಸ್ತಿಯ ಗಡಿಯನ್ನು ಮೀರಿದ ಮಾತು. ಚಾಸಿಸ್ ಸಂಖ್ಯೆ ಕೊರೆದಿರುವ ಜಾಗದಲ್ಲಿ ಬೆಸುಗೆಯನ್ನಾಗಲಿ ಗ್ರೈಂಡರನ್ನಾಗಲಿ ತಾಗಿಸಬಾರದು. ಅಲ್ಲಿನ ಅಕ್ಷರಗಳು ಅಳಿಸಿಹೋದರೆ ವಾಹನದ ಗುರುತೇ ಅನುಮಾನಕ್ಕೆ ಒಳಗಾಗುತ್ತದೆ.